ಜಡಿಮಳೆಯ ನಾಲ್ಕು ತಿಂಗಳು: ಹಳೇ ಕಾರನ್ನು ಹಾಳಾಗದಂತೆ ನಿಲ್ಲಿಸಿಡುವುದು ಹೇಗೆ?

ಅಪ್ಪಯ್ಯನ ಪ್ರೀಮಿಯರ್ ಪದ್ಮಿನಿ ನಮ್ಮ ಮನೆಗೆ ಬಂದಿದ್ದು 1986ರಲ್ಲಿ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ವರ್ಷಕ್ಕೆ 7000 ಮಿ.ಮೀ.ಗೂ ಜಾಸ್ತಿ ಮಳೆ ಸುರಿಯುವ ಆಗುಂಬೆ ನಮಗೆ ಹತ್ತಿರದ ಊರು. ಈಗ ಆ ಕಾರು ನನ್ನ ಕೈಯಲ್ಲಿದೆ. ಬೇಸಿಗೆಯಲ್ಲಿ ಮದುವೆ, ಮುಂಜಿ, ತೇರು ಅಂತ ಓಡಾಡುತ್ತದೆ. ಮಿರ್ಗದ ಮಳೆ ಹಿಡಿಯುವ ಹೊತ್ತಿಗೆ ಶೆಡ್ಡು ಸೇರುತ್ತದೆ. ಮತ್ತೆ ಹೊರಗೆ ಬರುವುದು ಆಯುಧ ಪೂಜೆಗೆ.

ನಾನು ನೋಡಿಕೊಳ್ಳಲು ಶುರು ಮಾಡಿದ ಮೊದಲ ಮಳೆಗಾಲದಲ್ಲಿ ಒಂದು ನೀಲಿ ಟಾರ್ಪಾಲು ತಂದು, ಕಾರಿಗೆ ಪೂರ್ತಿ ಸುತ್ತಿ, ಹಗ್ಗದಲ್ಲಿ ಬಿಗಿದು ಕಟ್ಟಿದ್ದೆ. ಒಂದು ಹನಿ ನೀರೂ ತಾಗಬಾರದು ಅಂತ. ಸೆಪ್ಟೆಂಬರಿನಲ್ಲಿ ಬಿಚ್ಚಿ ನೋಡಿದರೆ ಟಾರ್ಪಾಲಿನ ಒಳಮೈ ತುಂಬ ನೀರಿನ ಹನಿ. ಬಾನೆಟ್ ಮೇಲೆ ಸಾಸಿವೆ ಕಾಳಿನಷ್ಟು ದಪ್ಪದ ಗುಳ್ಳೆಗಳು. ಒಂದನ್ನು ಉಗುರಿನಿಂದ ಕೆರೆದೆ. ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂತು, ಅಡಿಯಲ್ಲಿ ಕೆಂಪು ತುಕ್ಕು. ಸ್ಟೇರಿಂಗ್ ಮೇಲೆ ಹಸಿರು ಬೂಷ್ಟು. ಶೆಡ್ಡಿನ ಸೂರು ಎಲ್ಲೂ ಸೋರಿರಲಿಲ್ಲ. ನೆಲದಿಂದ ಎದ್ದ ತೇವ ಟಾರ್ಪಾಲಿನೊಳಗೇ ಉಳಿದುಬಿಟ್ಟಿತ್ತು.

ಅವತ್ತಿನಿಂದ ಒಂದೇ ಮಾತು ಹಿಡಿದುಕೊಂಡಿದ್ದೇನೆ. ಗಾಡಿಯನ್ನು ಚೆನ್ನಾಗಿ ಒಣಗಿಸಿ ನಿಲ್ಲಿಸಬೇಕು, ನಿಂತ ಮೇಲೆ ಅದರ ಸುತ್ತ ಗಾಳಿ ಆಡಬೇಕು. ಗಾಳಿಯ ತೇವಾಂಶ ಸುಮಾರು ಶೇ. 60 ದಾಟಿದ ಮೇಲೆ ಕಬ್ಬಿಣಕ್ಕೆ ತುಕ್ಕು ಹಿಡಿಯುವ ವೇಗ ಜೋರಾಗುತ್ತದೆ. ನಮ್ಮಲ್ಲಿ ಜುಲೈ ಪೂರ್ತಿ ಒಗೆದ ಬಟ್ಟೆಯೇ ಒಣಗಲ್ಲ. ಅಂಥ ಗಾಳಿಯಲ್ಲಿ ಕಾರು ನಾಲ್ಕು ತಿಂಗಳು ನಿಲ್ಲಬೇಕು. ಕೆಳಗೆ ಬರೆದಿರುವ ಪ್ರತಿ ಕೆಲಸವೂ ಈ ತೇವವನ್ನು ಎಲ್ಲೋ ಒಂದು ಕಡೆ ತಡೆಯುವ ಕೆಲಸವೇ.

ಅಮೆರಿಕ, ಕೆನಡಾ ಕಡೆ ಹಳೇ ಕಾರು, ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಚಳಿಗಾಲಕ್ಕೆ ಗಾಡಿ ನಿಲ್ಲಿಸುತ್ತಾರೆ. ಹಿಮ ಕರಗಲೆಂದು ರಸ್ತೆಗೆ ಹಾಕುವ ಉಪ್ಪು, ರೇಡಿಯೇಟರಿನಲ್ಲಿ ನೀರು ಹೆಪ್ಪುಗಟ್ಟಿ ಇಂಜಿನ್ ಬ್ಲಾಕ್ ಸೀಳುವುದು, ಇವು ಅವರ ಚಿಂತೆ. ಅವರ ವಿಡಿಯೋಗಳಿಂದ ನಾನೂ ಕಲಿತಿದ್ದೇನೆ. ಆದರೆ ಬೆಚ್ಚಗಿನ ತೇವ, ಬೂಷ್ಟು, ಹೆಗ್ಗಣ, ಕುಂಬಾರ ಹುಳ ಇವುಗಳ ಪಾಠ ಅಲ್ಲಿ ಸಿಗಲ್ಲ. ಇದು ಮಲೆನಾಡು, ಕೊಡಗು, ಕರಾವಳಿಯವರಿಗಾಗಿ ಬರೆದದ್ದು. ಪದ್ಮಿನಿ, ಅಂಬಾಸಿಡರ್, ಕಾಂಟೆಸ್ಸಾ, ಹೆರಾಲ್ಡ್, ಹಳೇ ಮಾರುತಿ 800, ಜೀಪು, ಎಲ್ಲಕ್ಕೂ ನಡೆಯುತ್ತದೆ.

ರೋಹಿಣಿ ಮಳೆ ಶುರುವಾಗುವುದು ಮೇ 25ರ ಸುಮಾರಿಗೆ, ಮಿರ್ಗ ಜೂನ್ 8ರ ಆಸುಪಾಸಿಗೆ. ಈ ಎರಡರ ನಡುವಿನ ಹದಿನೈದು ದಿನದಲ್ಲಿ ಕೆಲಸ ಮುಗಿಸಿ. ಬಿಸಿಲು ಹೋದ ಮೇಲೆ ಗಾಡಿ ಒಣಗಿಸುವುದು ಅಂದರೆ ಆಗದ ಮಾತು.

ಜಾಗ ನೋಡಿಕೊಳ್ಳಿ

ಮನೆ ಪಕ್ಕದ ಶೆಡ್ಡು, ಹಂಚಿನ ಮಾಡು, ಎರಡು ಕಡೆ ಗೋಡೆ, ಇರಚಲು ಹೊಡೆಯದ ದಿಕ್ಕಿಗೆ ಬಾಯಿ. ಇಷ್ಟಿದ್ದರೆ ಸಾಕು. ಪೂರ್ತಿ ಮುಚ್ಚಿದ ಕೋಣೆಗಿಂತ ಗಾಳಿ ಆಡುವ ಶೆಡ್ಡು ನಮ್ಮ ಕಡೆಗೆ ಮೇಲು. ತೇವ ತೆಗೆಯುವ ಯಂತ್ರ ತರಬಹುದಾ ಅಂತ ಕೆಲವರು ಕೇಳುತ್ತಾರೆ. ಗಿಲಾವು ಮಾಡಿದ ಗೋಡೆ, ಸಂದಿಲ್ಲದ ಬಾಗಿಲು, ಸೀಲಿಂಗ್ ಇರುವ ಗ್ಯಾರೇಜಾದರೆ ಖಂಡಿತ ತನ್ನಿ, ಒಳ್ಳೆಯದೇ. ಹಂಚಿನ ಸಂದಿಯಲ್ಲಿ ಆಕಾಶ ಕಾಣುವ ಶೆಡ್ಡಿಗೆ ತಂದರೆ ಊರಿನ ಮಂಜನ್ನೆಲ್ಲ ಅದು ಕುಡಿಯಬೇಕಾಗುತ್ತದೆ, ಕರೆಂಟ್ ಬಿಲ್ ಮಾತ್ರ ಏರುತ್ತದೆ.

ನೆಲ ಮುಖ್ಯ. ಮಣ್ಣಿನ ನೆಲವಾದರೆ ತೇವ ಕೆಳಗಿನಿಂದ ಏಳುತ್ತಲೇ ಇರುತ್ತದೆ, ನೇರವಾಗಿ ಚಾಸಿಸ್ಸಿಗೆ ತಾಗುತ್ತದೆ. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಕಾರಿಗಿಂತ ಎರಡೆರಡು ಅಡಿ ಜಾಸ್ತಿ ಬರುವಂತೆ ಹಾಸಿ. ಅದರ ಮೇಲೆ ಹಳೇ ರಬ್ಬರ್ ಮ್ಯಾಟು ಹಾಕಿ ಗಾಡಿ ಹತ್ತಿಸಿ. ನನ್ನ ನೀಲಿ ಟಾರ್ಪಾಲು ಈಗ ಈ ಕೆಲಸಕ್ಕೆ ಬಳಕೆಯಾಗುತ್ತಿದೆ. ಕಾರಿನ ಮೇಲಿರಬಾರದ ವಸ್ತು ಕಾರಿನ ಅಡಿಗೆ ಬಹಳ ಚೆನ್ನಾಗಿ ಕೂರುತ್ತದೆ.

ಇನ್ನು ಶೆಡ್ಡಿನಲ್ಲಿ ಕಾರಿನ ಜೊತೆ ಏನಿದೆ ನೋಡಿ. ನಮ್ಮ ಕಡೆ ಯಾರೂ ಯೋಚಿಸದ ವಿಷಯ ಇದು. ಕೊಟ್ಟಿಗೆಗೆ ಅಂಟಿಕೊಂಡ ಶೆಡ್ಡಾದರೆ ಗಂಜಲದ ಅಮೋನಿಯಾ ಬಣ್ಣಕ್ಕೂ ಹಿತ್ತಾಳೆಗೂ ವೈರಿ. ಯೂರಿಯಾ, ಪೊಟ್ಯಾಷ್ ಚೀಲಗಳು ತೇವ ಎಳೆದು ಕರಗುತ್ತವೆ, ಆ ನೀರು ತಾಗಿದ ಕಬ್ಬಿಣ ಉಳಿಯಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಮೈಲುತುತ್ತ. ಅಡಿಕೆಗೆ ಕೊಳೆ ಔಷಧಿ ಹೊಡೆಯುವವರಿಗೆ ಗೊತ್ತು. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರಿನ ಬೋರ್ಡೋ ಸರಿಯಾಗಿದೆಯಾ ಅಂತ ನೋಡಲು ಚಾಕು ಅದ್ದುತ್ತೇವೆ. ಚಾಕಿನ ಅಲಗು ಕೆಂಪಗಾದರೆ ಸುಣ್ಣ ಸಾಲದು ಅಂತ ಅರ್ಥ. ಆ ಚಾಕಿಗೆ ಆದದ್ದೇ ನಿಮ್ಮ ಮಡ್‌ಗಾರ್ಡಿಗೂ ಆಗುತ್ತದೆ. ಔಷಧಿ ಡ್ರಮ್ಮು, ಸ್ಪ್ರೇ ಪೈಪು, ಮೈಲುತುತ್ತದ ಚೀಲ ಯಾವುದೂ ಕಾರಿನ ಹತ್ತಿರ ಇರಬಾರದು. ಔಷಧಿ ಹೊಡೆದು ಬಂದವರು ಕಾರಿಗೆ ಒರಗಿ ಬಟ್ಟೆ ಬದಲಿಸುವುದೂ ಬೇಡ.

ತೊಳೆಯಿರಿ, ಆಮೇಲೆ ಓಡಿಸಿ ಒಣಗಿಸಿ

ಮೇಲ್ಮೈ ತೊಳೆಯುವುದು ಎಲ್ಲರಿಗೂ ಗೊತ್ತು. ಅಡಿಭಾಗಕ್ಕೆ ಜಾಸ್ತಿ ಸಮಯ ಕೊಡಿ. ಮಡ್‌ಗಾರ್ಡಿನ ಒಳಗಿನ ತುಟಿಯ ಮೇಲೆ ನಮ್ಮ ಕೆಂಪು ಮಣ್ಣು ಕೂತಿರುತ್ತದೆ. ಬೆರಳು ಹಾಕಿ ನೋಡಿ, ಉಂಡೆಯೇ ಸಿಗುತ್ತದೆ. ಆ ಮಣ್ಣು ಸ್ಪಂಜಿನ ಹಾಗೆ ತೇವ ಹಿಡಿದಿಟ್ಟುಕೊಂಡು ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತೂತೇ ಆಗಿರುತ್ತದೆ. ಪೈಪು ಹಿಡಿದು, ಮರದ ಕಡ್ಡಿಯಿಂದ ಕೆದಕಿ, ಕೆಂಪು ನೀರು ನಿಲ್ಲುವವರೆಗೂ ತೊಳೆಯಿರಿ.

ಬಾಗಿಲುಗಳ ಕೆಳಗಂಚಿನಲ್ಲಿ ಸಣ್ಣ ತೂತುಗಳಿರುತ್ತವೆ. ಗಾಜಿನ ಸಂದಿಯಿಂದ ಇಳಿದ ನೀರು ಹೊರಗೆ ಹೋಗುವ ದಾರಿ ಅದು. ಧೂಳು, ಎಲೆ ಚೂರು ಸೇರಿ ಮುಚ್ಚಿರುತ್ತದೆ. ತೆಂಗಿನ ಕಡ್ಡಿ ಹಾಕಿ ಬಿಡಿಸಿ. ಮುಂದಿನ ಗಾಜಿನ ಬುಡ, ಡಿಕ್ಕಿ ಬಾಗಿಲಿನ ಸುತ್ತಿನ ಕಾಲುವೆ, ಸ್ಟೆಪ್ನಿ ಕೂರುವ ಗುಂಡಿ, ಇಲ್ಲೆಲ್ಲ ಕೈ ಆಡಿಸಿ. ಹೋದ ವರ್ಷ ನನ್ನ ಡಿಕ್ಕಿ ಗುಂಡಿಯಲ್ಲಿ ಒಂದು ಹಿಡಿ ಹಲಸಿನ ದರಗು ಸಿಕ್ಕಿತು, ಕೆಳಗೆ ತಗಡು ಒದ್ದೆ.

ತೊಳೆದ ಕೂಡಲೇ ಒಳಗೆ ನಿಲ್ಲಿಸಬೇಡಿ. ಬಟ್ಟೆಯಿಂದ ಒರೆಸಿ, ಒಳ್ಳೆ ಬಿಸಿಲಿನ ದಿನ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಓಡಿಸಿ. ಬ್ರೇಕಿನ ಡ್ರಮ್ಮು, ಸೈಲೆನ್ಸರಿನ ಹೊಟ್ಟೆ, ಚಾಸಿಸ್ಸಿನ ಸಂದು ಒಣಗುವುದು ಹಾಗೆ ಮಾತ್ರ. ಬಂದು ಅಂಗಳದಲ್ಲಿ ನಾಲ್ಕೂ ಬಾಗಿಲು, ಬಾನೆಟ್, ಡಿಕ್ಕಿ ತೆಗೆದು ಒಂದು ದಿನ ಬಿಸಿಲಿಗೆ ಬಿಡಿ.

ಆಮೇಲೆ ಬಣ್ಣಕ್ಕೆ ವ್ಯಾಕ್ಸ್. ಕ್ರೋಮ್ ಬಂಪರಿಗೆ, ಹಿಡಿಕೆಗಳಿಗೆ ವ್ಯಾಸಲೀನ್ ತೆಳ್ಳಗೆ ಸವರಿ. ಬಾಗಿಲಿನ ರಬ್ಬರಿಗೆ ವ್ಯಾಸಲೀನ್ ಬೇಡ, ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಗ್ಲಿಸರಿನ್ ಇಲ್ಲವೇ ಸಿಲಿಕಾನ್ ಸ್ಪ್ರೇ ಹಚ್ಚಿ.

ಕಾರಿನ ಅಡಿಭಾಗಕ್ಕೆ ಸುಟ್ಟ ಇಂಜಿನ್ ಆಯಿಲ್ ಹೊಡೆಸುವ ರೂಢಿ ಹಿಂದಿನಿಂದ ಇದೆ. ಅಪ್ಪಯ್ಯನೂ ಹೊಡೆಸುತ್ತಿದ್ದರು. ನಾನು ಬಿಟ್ಟಿದ್ದೇನೆ. ಅದು ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳನ್ನು ತಿನ್ನುತ್ತದೆ, ಮಳೆ ನೀರಿನ ಜೊತೆ ತೋಟಕ್ಕೂ ಬಾವಿಗೂ ಹೋಗುತ್ತದೆ. ಚಾಸಿಸ್ಸಿಗೆ ಮೇಣದಂಥ ಕೋಟಿಂಗ್ ಸಿಗುತ್ತದೆ, ಅದನ್ನು ಹೊಡೆಸಿ. ತುಕ್ಕನ್ನು ಪೂರ್ತಿ ಕೆರೆಸಿ, ಒಣಗಿಸಿದ ಮೇಲೇ ಹೊಡೆಸಬೇಕು. ಒದ್ದೆ ತುಕ್ಕಿನ ಮೇಲೆ ಕಪ್ಪು ಕೋಟಿಂಗ್ ಬಳಿದರೆ ನನ್ನ ಟಾರ್ಪಾಲಿನ ಕಥೆಯೇ ಮತ್ತೆ.

ಪೆಟ್ರೋಲು: ಈಗಿನ ದೊಡ್ಡ ತಲೆನೋವು

ಅಪ್ಪಯ್ಯನ ಕಾಲದಲ್ಲಿ ಟ್ಯಾಂಕು ತುಂಬಿಸಿ ಬಿಟ್ಟರೆ ಆಗುತ್ತಿತ್ತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಇದೆ. 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಇ20 ಪೆಟ್ರೋಲು ಬಿಡುಗಡೆಯಾಯಿತು. ಅಂದರೆ 100ರಲ್ಲಿ 20 ಪಾಲು ಎಥನಾಲ್. ಈಗ ಎಲ್ಲ ಕಡೆ ಅದೇ.

ಎಥನಾಲ್ ಗಾಳಿಯಿಂದ ನೀರು ಹೀರುತ್ತದೆ. ಹೀರಿದ ನೀರು ಒಂದು ಮಿತಿ ದಾಟಿದರೆ ಎಥನಾಲ್ ಮತ್ತು ನೀರು ಜೊತೆಯಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಹಳೇ ಕಾರಿನ ಟ್ಯಾಂಕು ಕಬ್ಬಿಣದ್ದು, ತಳದಿಂದಲೇ ತುಕ್ಕು ಶುರು. ಹಳೇ ಪೈಪುಗಳು, ಪೆಟ್ರೋಲ್ ಪಂಪಿನ ಡಯಾಫ್ರಮ್, ಕಾರ್ಬೊರೇಟರಿನ ಗ್ಯಾಸ್ಕೆಟ್ಟುಗಳನ್ನು ಮಾಡಿದ್ದು ಈ ಪೆಟ್ರೋಲಿಗಲ್ಲ. ಉಬ್ಬುತ್ತವೆ, ಬಿರಿಯುತ್ತವೆ. ಅದಕ್ಕೇ ಮೊದಲ ಕೆಲಸ, ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗಿನ ರಬ್ಬರ್ ಪೈಪುಗಳನ್ನು ಎಥನಾಲ್ ತಡೆಯುವ ಪೈಪಿಗೆ ಬದಲಿಸಿ. ದೊಡ್ಡ ಖರ್ಚಲ್ಲ. ಪೈಪು ಬಿರಿದು ಬಿಸಿ ಇಂಜಿನ್ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ, ಅಲ್ವಾ.

ನಿಮ್ಮ ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಅಂತ ಮನೆಯಲ್ಲೇ ನೋಡಬಹುದು. ಅಳತೆ ಗೆರೆ ಇರುವ ಗಾಜಿನ ಉದ್ದ ಜಾಡಿಯಲ್ಲಿ 10 ಮಿ.ಲೀ. ನೀರು ಹಾಕಿ. ಅದಕ್ಕೆ 90 ಮಿ.ಲೀ. ಪೆಟ್ರೋಲು ಸೇರಿಸಿ, ಮುಚ್ಚಿ ಅಲುಗಾಡಿಸಿ, ಹತ್ತು ನಿಮಿಷ ಬಿಡಿ. ಎಥನಾಲ್ ನೀರಿನ ಜೊತೆ ಸೇರಿ ಕೆಳಗೆ ಇಳಿಯುತ್ತದೆ. ಕೆಳಗಿನ ಪದರ 28ರ ಗೆರೆಯ ಹತ್ತಿರ (ನೀರಿನ 10, ಎಥನಾಲಿನ 18) ನಿಂತರೆ ಅದು ಇ20. ಈ ಕೆಲಸ ಅಂಗಳದಲ್ಲಿ ಮಾಡಿ. ಬಚ್ಚಲ ಒಲೆ, ಬೀಡಿ, ಸ್ವಿಚ್ಚು ಯಾವುದೂ ಹತ್ತಿರ ಇರಬಾರದು.

ಈಗ ನಿಲ್ಲಿಸುವ ಕ್ರಮ. ಟ್ಯಾಂಕು ಖಾಲಿ ಇದ್ದಷ್ಟೂ ಒಳಗೆ ಒದ್ದೆ ಗಾಳಿ ಜಾಸ್ತಿ. ಅದಕ್ಕೆ ಮುಕ್ಕಾಲಿಗಿಂತ ಮೇಲೆ, ಕುತ್ತಿಗೆಯಿಂದ ಸ್ವಲ್ಪ ಕೆಳಗಿನವರೆಗೆ ತುಂಬಿಸಿ. ಬಂಕಿಗೆ ಹೋಗುವ ಮುಂಚೆಯೇ ಫ್ಯುಯೆಲ್ ಸ್ಟೆಬಿಲೈಜರ್ ಅನ್ನುವ, ಪೆಟ್ರೋಲು ಬೇಗ ಕೆಡದಂತೆ ಕಾಯುವ ದ್ರವವನ್ನು ಡಬ್ಬಿಯ ಮೇಲೆ ಹೇಳಿದ ಅಳತೆಯಲ್ಲಿ ಟ್ಯಾಂಕಿಗೆ ಹಾಕಿದರೆ ಚೆನ್ನಾಗಿ ಬೆರೆಯುತ್ತದೆ. ಮನೆಗೆ ಓಡಿಸಿಕೊಂಡು ಬರುವಷ್ಟರಲ್ಲಿ ಅದು ಕಾರ್ಬೊರೇಟರ್ ತಲುಪಿರುತ್ತದೆ. ಟ್ಯಾಂಕಿನ ಮುಚ್ಚಳದ ರಬ್ಬರ್ ವಾಷರ್ ನೋಡಿ, ಗಟ್ಟಿಯಾಗಿದ್ದರೆ ಬದಲಿಸಿ.

ಕೊನೆಯ ದಿನ, ಕಾರು ತನ್ನ ಜಾಗದಲ್ಲಿ ನಿಂತ ಮೇಲೆ, ಇಂಜಿನ್ ತಣ್ಣಗಿರುವಾಗ ಟ್ಯಾಂಕಿನಿಂದ ಪಂಪಿಗೆ ಬರುವ ಪೈಪನ್ನು ಕ್ಲಾಂಪು ಹಾಕಿ ಒತ್ತಿ ಹಿಡಿಯಿರಿ. ಇಂಜಿನ್ ಚಾಲೂ ಮಾಡಿ, ತಾನಾಗಿ ನಿಲ್ಲುವವರೆಗೂ ಬಿಡಿ. ಕಾರ್ಬೊರೇಟರಿನ ಬಟ್ಟಲು ಖಾಲಿಯಾಗುತ್ತದೆ. ಇದನ್ನು ಬಿಟ್ಟರೆ ಪೆಟ್ರೋಲು ಆವಿಯಾಗಿ ಜೆಟ್ಟಿನ ಸಣ್ಣ ತೂತಿನಲ್ಲಿ ಅಂಟು ಕೂರುತ್ತದೆ. ದಸರಾದಲ್ಲಿ ಗಾಡಿ ಚಾಲೂ ಆಗದಿರುವುದಕ್ಕೆ ಬ್ಯಾಟರಿ ಬಿಟ್ಟರೆ ಇದೇ ಕಾರಣ. ಇಂಜೆಕ್ಷನ್ ಇರುವ ಹೊಸ ಗಾಡಿಗೆ ಇದನ್ನು ಮಾಡಬೇಡಿ. ಒಣ ಓಡಿದರೆ ಅದರ ಪಂಪಿಗೆ ಪೆಟ್ಟು.

ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್

ಇಂಜಿನ್ ಆಯಿಲನ್ನು ಮಳೆ ಮುಗಿದ ಮೇಲೆ ಬದಲಿಸೋಣ ಅಂತ ಸುಮಾರು ಜನ ಅಂದುಕೊಳ್ಳುತ್ತಾರೆ. ಈಗಲೇ ಬದಲಿಸಿ. ಹಳೇ ಆಯಿಲಿನಲ್ಲಿ ಆಮ್ಲ, ನೀರು, ಮಸಿ ಎಲ್ಲ ಸೇರಿರುತ್ತದೆ. ಬೇರಿಂಗುಗಳು ನಾಲ್ಕು ತಿಂಗಳು ಅದರಲ್ಲಿ ಅದ್ದಿಕೊಂಡು ಕೂರುವುದು ಬೇಡ. ಇಂಜಿನ್ ಬಿಸಿ ಇದ್ದಾಗ ಇಳಿಸಿ, ಹೊಸ ಆಯಿಲ್ ಹಾಕಿ ಐದು ಹತ್ತು ನಿಮಿಷ ಓಡಿಸಿ. ಪದ್ಮಿನಿಗೆ ನಾನು 20ಡಬ್ಲ್ಯು-50 ದರ್ಜೆಯ ಆಯಿಲ್ ಹಾಕುತ್ತೇನೆ. ಇದನ್ನು ಕಾರ್ಬೊರೇಟರ್ ಖಾಲಿ ಮಾಡುವ ಮುಂಚೆ ಮುಗಿಸಿ.

ರೇಡಿಯೇಟರಿಗೆ ಬರೀ ಬಾವಿ ನೀರು ಹಾಕುವ ಅಭ್ಯಾಸ ಬಿಡಿ. ನಮಗೆ ಹೆಪ್ಪುಗಟ್ಟುವ ಭಯವಿಲ್ಲ, ಆದರೆ ಕೂಲೆಂಟಿನಲ್ಲಿ ತುಕ್ಕು ತಡೆಯುವ ಔಷಧಿಯೂ ಇರುತ್ತದೆ. ಬ್ರೇಕ್ ಆಯಿಲ್ ಕೂಡ ಎಥನಾಲಿನ ಹಾಗೇ ನೀರು ಕುಡಿಯುತ್ತದೆ. ಎರಡು ವರ್ಷ ಆಗಿದ್ದರೆ ಪೂರ್ತಿ ಬದಲಿಸಿ. ಬಣ್ಣದ ಮೇಲೆ ಒಂದು ತೊಟ್ಟು ಬಿದ್ದರೂ ಕೂಡಲೇ ನೀರು ಹಾಕಿ ತೊಳೆಯಿರಿ.

ಇಂಜಿನ್ ಪೂರ್ತಿ ತಣಿದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದು ಟೀ ಚಮಚ ಹೊಸ ಇಂಜಿನ್ ಆಯಿಲ್ ಬಿಡಿ. ಹ್ಯಾಂಡಲ್ ಹಾಕುವ ಗಾಡಿಯಾದರೆ ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ. ಇಲ್ಲದಿದ್ದರೆ ಟಾಪ್ ಗೇರಿಗೆ ಹಾಕಿ ಇಬ್ಬರು ಮೆಲ್ಲಗೆ ನೂಕಿ. ಪ್ಲಗ್ ಮತ್ತೆ ಹಾಕಿ. ಪಿಸ್ಟನ್ನಿನ ರಿಂಗು ಸಿಲಿಂಡರಿಗೆ ಕಚ್ಚಿಕೊಳ್ಳದ ಹಾಗೆ ಈ ಆಯಿಲ್ ಪದರ ಕಾಯುತ್ತದೆ.

ಬ್ಯಾಟರಿ ಮನೆಯೊಳಗೆ

ಮೊದಲು ಕಾರಿನ ಮೈಗೆ ಸೇರಿರುವ ಅರ್ಥ್ ವೈರು ಬಿಚ್ಚಿ, ಆಮೇಲೆ ಇನ್ನೊಂದು. ಮತ್ತೆ ಹಾಕುವಾಗ ಉಲ್ಟಾ, ಅರ್ಥ್ ಕೊನೆಗೆ. ಟರ್ಮಿನಲ್ ಮೇಲಿನ ಬಿಳಿ ಹಸಿರು ಪುಡಿಯನ್ನು ಬಿಸಿ ನೀರು, ಅಡುಗೆ ಸೋಡಾದಿಂದ ತೊಳೆದು, ಒಣಗಿಸಿ ವ್ಯಾಸಲೀನ್ ಹಚ್ಚಿ. ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ.

ಬ್ಯಾಟರಿಯನ್ನು ಒಣ ಜಾಗದಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ, ಹಲಗೆಯ ಮೇಲೆ ಇಡಿ. ದೇವರ ದೀಪ, ಒಲೆ ಹತ್ತಿರ ಬೇಡ, ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ತಿಂಗಳಿಗೊಮ್ಮೆ ಮಲ್ಟಿಮೀಟರ್ ಇಟ್ಟು ನೋಡಿ. 12.6 ವೋಲ್ಟ್ ಅಂದರೆ ಪೂರ್ತಿ, 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. 12.4ಕ್ಕೆ ಇಳಿದ ಕೂಡಲೇ ಚಾರ್ಜ್ ಮಾಡಿ. ಅರ್ಧಕ್ಕಿಂತ ಕೆಳಗೆ ತಿಂಗಳುಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿ ಮತ್ತೆ ಮೊದಲಿನಂತೆ ಆಗಲ್ಲ. ತಾನಾಗಿ ನಿಲ್ಲುವ ಸಣ್ಣ ಚಾರ್ಜರ್ ಇದ್ದರೆ ಒಳ್ಳೆಯದು. ಗುಡುಗು ಸಿಡಿಲಿನ ದಿನ ಮಾತ್ರ ಪ್ಲಗ್ ತೆಗೆದಿಡಿ.

ಚಕ್ರ ಮತ್ತು ಬ್ರೇಕು

ಹ್ಯಾಂಡ್ ಬ್ರೇಕ್ ಎಳೆಯಬೇಡಿ. ತೇವದಲ್ಲಿ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ, ಬಿಡಿಸಲು ಸುತ್ತಿಗೆಯೇ ಬೇಕಾಗುತ್ತದೆ. ಗೇರಿಗೆ ಹಾಕಿ, ಚಕ್ರದ ಹಿಂದೆ ಮುಂದೆ ಮರದ ಅಡೆ ಕೊಡಿ. ಟೈರಿನ ಗಾಳಿ ನೀವು ಯಾವಾಗಲೂ ಹಾಕುವುದಕ್ಕಿಂತ 5ರಿಂದ 8 ಪಿಎಸ್‌ಐ ಜಾಸ್ತಿ ಇರಲಿ, ಟೈರಿನ ಮೇಲೆ ಬರೆದ ಗರಿಷ್ಠ ಮಿತಿ ದಾಟದಿರಲಿ. ಒಂದೇ ಜಾಗದಲ್ಲಿ ನಿಂತರೆ ಟೈರು ಅಡಿಗೆ ಚಪ್ಪಟೆಯಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಕಾಲು ಸುತ್ತು ನೂಕಿದರೆ ಸಾಕು. ಸ್ಟ್ಯಾಂಡ್ ಮೇಲೆ ಎತ್ತಿಡುವವರು ಕಬ್ಬಿಣದ ಗಟ್ಟಿ ಸ್ಟ್ಯಾಂಡನ್ನೇ ಬಳಸಿ. ಜಾಕ್ ಮೇಲೆ, ಪೇರಿಸಿದ ಚಿರೆಕಲ್ಲಿನ ಮೇಲೆ ಗಾಡಿ ಬಿಟ್ಟು ಹೋಗಬೇಡಿ. ಯಾರಾದರೂ ಅಡಿಗೆ ಕೈ ಹಾಕಿರುತ್ತಾರೆ.

ನಾಲ್ಕೂ ಟೈರಿನ ಮೇಲೆ ನಾಲ್ಕು ಅಂಕಿಯ ಗುರುತು ಹುಡುಕಿ. 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು. ಹಳೇ ಕಾರು ಕಡಿಮೆ ಓಡುವುದರಿಂದ ಟೈರು ಸವೆಯುವ ಮುಂಚೆ ಮುದಿಯಾಗುತ್ತದೆ. ಬದಿಯಲ್ಲಿ ಸಣ್ಣ ಬಿರುಕು ಕಂಡರೆ ದಸರಾದ ಖರ್ಚಿಗೆ ಈಗಲೇ ಬರೆದಿಟ್ಟುಕೊಳ್ಳಿ.

ಒಳಗಿನ ಬೂಷ್ಟು

ಕಾಲಡಿಯ ಮ್ಯಾಟು, ಕಾರ್ಪೆಟ್ಟು, ಅದರ ಅಡಿಯ ನಾರಿನ ಪದರ ಎಲ್ಲ ತೆಗೆದು ಮನೆಯ ಅಟ್ಟಕ್ಕೆ ಹಾಕಿ. ರೆಗ್ಜಿನ್ ಸೀಟಿಗೆ ಬೂಷ್ಟು ಹಿಡಿಯುವುದು ಬೆವರಿನ ಕೊಳೆ ಇರುವಲ್ಲಿ. ಬಿಳಿ ವಿನೆಗರ್, ನೀರು ಸಮಸಮ ಬೆರೆಸಿ ಬಟ್ಟೆ ಅದ್ದಿ ಒರೆಸಿ, ಬಿಸಿಲಿಗೆ ಒಣಗಿಸಿ. ಸ್ಟೇರಿಂಗ್, ಗೇರ್ ಹಿಡಿಕೆ, ಸನ್ ವೈಸರ್ ಮರೆಯಬೇಡಿ.

ತೇವ ಎಳೆಯಲು ಹಿಂದೆ ಇದ್ದಿಲ ಬುಟ್ಟಿ ಇಡುತ್ತಿದ್ದರು. ವಾಸನೆಗೆ ಅದು ಒಳ್ಳೆಯದು, ತೇವಕ್ಕೆ ಅಷ್ಟಕ್ಕಷ್ಟೆ. ಸಿಲಿಕಾ ಜೆಲ್ ಒಂದೆರಡು ಕಿಲೋ ಬಟ್ಟೆ ಚೀಲದಲ್ಲಿ ಕಟ್ಟಿ ಸೀಟಿನ ಮೇಲಿಡಿ. ನೀಲಿ ಕಾಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಹೊಟ್ಟೆ ತುಂಬಿದೆ ಅಂತ ಅರ್ಥ. ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಇದಕ್ಕಿಂತ ಜೋರು. ಆದರೆ ಅದರಲ್ಲಿ ಇಳಿಯುವ ನೀರು ಉಪ್ಪಿನ ನೀರು, ಚೆಲ್ಲಿದರೆ ನೆಲದ ತಗಡು ಹೋಯಿತು. ಬಕೆಟ್ಟಿನೊಳಗಿಟ್ಟು ವಾರವಾರ ಚೆಲ್ಲುವ ತಾಳ್ಮೆ ಇದ್ದರೆ ಮಾತ್ರ ಇಡಿ. ಬಟ್ಟಲಲ್ಲಿ ಕಲ್ಲುಪ್ಪು ಇಡುವುದು ಯಾವ ಕಾರಣಕ್ಕೂ ಬೇಡ.

ಈ ಚೀಲ, ಡಬ್ಬಿ ಇಟ್ಟರೆ ಗಾಜು ಪೂರ್ತಿ ಮುಚ್ಚಿ. ಇಡದಿದ್ದರೆ ಎರಡೂ ಬದಿ ಒಂದು ಬೆರಳಷ್ಟು ಇಳಿಸಿ, ಸಂದಿಗೆ ಸೊಳ್ಳೆ ಜಾಲರಿ ಕಟ್ಟಿ. ನಾನು ಎರಡನೆಯದನ್ನೇ ಮಾಡುತ್ತೇನೆ.

ಇಲಿ, ಹೆಗ್ಗಣ, ಕುಂಬಾರ ಹುಳ

ಮಳೆಗೆ ಗದ್ದೆ ಬಿಲ ತುಂಬಿದ ಮೇಲೆ ಇಲಿಗೆ ಬೆಚ್ಚಗಿನ ಜಾಗ ಬೇಕು. ಏರ್ ಫಿಲ್ಟರಿನ ಡಬ್ಬಿ, ಸೀಟಿನ ಹೊಟ್ಟೆ, ಹೀಟರ್ ಪೈಪು ಅದಕ್ಕೆ ಅರಮನೆ. ಏರ್ ಫಿಲ್ಟರಿನ ಬಾಯಿಗೆ, ಸೈಲೆನ್ಸರಿನ ಬಾಯಿಗೆ ಪಾತ್ರೆ ಉಜ್ಜುವ ಸ್ಟೀಲಿನ ನಾರು ತುರುಕಿ. ಬಟ್ಟೆ ತುರುಕಿದರೆ ಅದೇ ಗೂಡಿಗೆ ಹಾಸಿಗೆ. ಕಾರಿನ ಸುತ್ತ ಭತ್ತ, ಹಿಂಡಿ, ಅಡಿಕೆ ಚೀಲ ಇಡಬೇಡಿ. ವಿಷ ಇಡಬೇಡಿ, ಡ್ಯಾಶ್‌ಬೋರ್ಡಿನ ಒಳಗೆ ಸತ್ತರೆ ತೆಗೆಯುವವರಿಲ್ಲ. ಬೋನು ಇಡಿ. ಇಲಿ ಇದ್ದಲ್ಲಿಗೆ ಹಾವೂ ಬರುತ್ತದೆ. ಬಾನೆಟ್ ತೆಗೆಯುವ ಮುಂಚೆ ನಾಲ್ಕು ಸಲ ತಟ್ಟಿ, ಟಾರ್ಚ್ ಬಿಟ್ಟು ನೋಡಿ, ಆಮೇಲೆ ಕೈ ಹಾಕಿ.

ಕುಂಬಾರ ಹುಳದ ಬಗ್ಗೆ ಯಾವ ಪುಸ್ತಕದಲ್ಲೂ ಓದಿರಲಿಲ್ಲ, ಅನುಭವದಿಂದ ಗೊತ್ತಾಯಿತು. ಒಂದು ವರ್ಷ ಗಾಡಿ ಚಾಲೂ ಆಗಿ, ಎರಡು ಕಿಲೋಮೀಟರ್ ಹೋಗಿ ನಿಂತಿತು. ಟ್ಯಾಂಕಿನ ಮುಚ್ಚಳ ತೆಗೆದರೆ ಉಸ್ಸಂತ ಗಾಳಿ ಎಳೆದುಕೊಂಡಿತು, ಮತ್ತೆ ಚಾಲೂ. ಮತ್ತೆ ಎರಡು ಕಿಲೋಮೀಟರಿಗೆ ನಿಂತಿತು. ಟ್ಯಾಂಕಿಗೆ ಗಾಳಿ ಹೋಗುವ ಪೆನ್ಸಿಲಿನಷ್ಟು ಸಣ್ಣ ಕೊಳವೆಯ ಬಾಯಿಗೆ ಹುಳ ನುಣ್ಣಗೆ ಮಣ್ಣು ಮೆತ್ತಿ ಗೂಡು ಕಟ್ಟಿತ್ತು, ಒಳಗೆ ಹಸಿರು ಕಂಬಳಿಹುಳಗಳನ್ನು ಜೋಡಿಸಿಟ್ಟಿತ್ತು. ಈಗ ಅಂಥ ಪ್ರತಿ ಕೊಳವೆಗೂ ಸೊಳ್ಳೆ ಜಾಲರಿಯ ಚೂರು ಸುತ್ತಿ ದಾರ ಕಟ್ಟುತ್ತೇನೆ. ಗಾಳಿ ಹೋಗುತ್ತದೆ, ಹುಳ ಹೋಗಲ್ಲ.

ತುರುಕಿದ್ದು, ಕಟ್ಟಿದ್ದು ಎಲ್ಲವನ್ನೂ ಒಂದು ರಟ್ಟಿನ ಮೇಲೆ ಬರೆದು ಸ್ಟೇರಿಂಗಿಗೆ ನೇತುಹಾಕಿ. ನನ್ನ ರಟ್ಟಿನಲ್ಲಿ ಹೀಗಿದೆ: "ಸೈಲೆನ್ಸರ್ ನಾರು 1, ಫಿಲ್ಟರ್ ನಾರು 1, ಜಾಲರಿ 3, ಪೆಟ್ರೋಲ್ ಪೈಪಿಗೆ ಕ್ಲಾಂಪು ಇದೆ, ಗೇರಿನಲ್ಲಿದೆ, ಬ್ಯಾಟರಿ ನಡುಮನೆ." ಅಕ್ಟೋಬರಿನಲ್ಲಿ ನೆನಪಿರುತ್ತದೆ ಅಂದುಕೊಳ್ಳಬೇಡಿ.

ಹೊದಿಕೆ

ಪ್ಲಾಸ್ಟಿಕ್ ಬೇಡ. ಹಳೇ ಕಾಟನ್ ಸೀರೆ ಎರಡು ಮೂರು ಜೋಡಿಸಿ ಹೊಲಿದದ್ದು ಸಾಕು. ಧೂಳು, ಹಲ್ಲಿ ಹಿಕ್ಕೆ ತಡೆಯುತ್ತದೆ, ತೇವವನ್ನು ಬಿಡುತ್ತದೆ. ಹೊರಗೇ ನಿಲ್ಲಿಸಬೇಕಾದವರು ಬಿದಿರಿನ ಚಪ್ಪರ ಹಾಕಿ ಟಾರ್ಪಾಲನ್ನು ಅದಕ್ಕೆ ಕಟ್ಟಿ. ಕಾರಿಗೂ ಅದಕ್ಕೂ ಒಂದೂವರೆ ಅಡಿ ಅಂತರ ಇರಲಿ, ಬದಿಗಳು ತೆರೆದಿರಲಿ. ತೆಂಗು, ಹಲಸಿನ ಅಡಿಗೆ ಮಾತ್ರ ಬೇಡ. ಕರಾವಳಿಯವರಿಗೆ ಗಾಳಿಯಲ್ಲೇ ಉಪ್ಪಿದೆ. ಸಮುದ್ರದ ಕಡೆಗೆ ಒಂದು ಗೋಡೆಯ ಮರೆ ಬೇಕೇ ಬೇಕು.

ನಿಂತ ತಿಂಗಳುಗಳಲ್ಲಿ

ವಾರಕ್ಕೊಮ್ಮೆ ಐದು ನಿಮಿಷ ಚಾಲೂ ಮಾಡಿ ಬಿಡಿ ಅಂತ ನಿಮಗೆ ಹತ್ತು ಜನ ಹೇಳುತ್ತಾರೆ. ಮಾಡಬೇಡಿ. ಪೆಟ್ರೋಲು ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಐದು ನಿಮಿಷದಲ್ಲಿ ಇಂಜಿನ್ ಪೂರ್ತಿ ಬಿಸಿಯಾಗಲ್ಲ. ಆ ಆವಿ ತಣ್ಣನೆ ಸೈಲೆನ್ಸರಿನಲ್ಲಿ, ಆಯಿಲಿನಲ್ಲಿ ನೀರಾಗಿ ಕೂರುತ್ತದೆ. ಸ್ಟಾರ್ಟರ್ ತಿಂದಷ್ಟು ಕರೆಂಟೂ ಬ್ಯಾಟರಿಗೆ ವಾಪಸ್ ಬರಲ್ಲ. ಒಂದೋ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ಇಲ್ಲ ಮುಟ್ಟಬೇಡಿ.

ಅದರ ಬದಲು ಹದಿನೈದು ದಿನಕ್ಕೊಮ್ಮೆ ಕಾಲು ಗಂಟೆ ಕೊಡಿ. ಹೊದಿಕೆ ತೆಗೆದು ಕೊಡವಿ. ನ್ಯೂಟ್ರಲ್ಲಿಗೆ ತಂದು, ಅಡೆ ತೆಗೆದು ಚಕ್ರ ಕಾಲು ಸುತ್ತು ತಿರುಗಿಸಿ, ಮತ್ತೆ ಗೇರಿಗೆ ಹಾಕಿ ಅಡೆ ಕೊಡಿ. ಕ್ಲಚ್ ಹತ್ತು ಸಲ ಒತ್ತಿ, ತೇವಕ್ಕೆ ಪ್ಲೇಟು ಅಂಟಿಕೊಳ್ಳದಿರಲಿ. ಬ್ರೇಕ್ ಪೆಡಲ್ ಕೂಡ. ಆರಿದ್ರಾ, ಪುಷ್ಯದ ಜಡಿಯ ನಡುವೆ ಹೊಳವಾದ ದಿನ ಸಿಕ್ಕರೆ ಬಾಗಿಲು, ಡಿಕ್ಕಿ ಎಲ್ಲ ತೆಗೆದು ಮಧ್ಯಾಹ್ನದವರೆಗೆ ಬಿಡಿ, ಒಂದು ಟೇಬಲ್ ಫ್ಯಾನು ಇಡಿ. ಒಂದು ಸಣ್ಣ ತೇವಾಂಶ ಮೀಟರ್ ಸೀಟಿನ ಮೇಲಿರಲಿ. ಬೂಷ್ಟಿನ ವಾಸನೆ ಬರುವ ಮುಂಚೆಯೇ ಅದು ಹೇಳುತ್ತದೆ.

ಇನ್ಶೂರೆನ್ಸ್, ಆರ್‌ಸಿ, ಹೊಗೆ ಸರ್ಟಿಫಿಕೇಟಿನ ದಿನಾಂಕ ಈ ನಡುವೆ ಮುಗಿಯುತ್ತದಾ ನೋಡಿಕೊಳ್ಳಿ. ಗಾಡಿ ನಿಂತಿದೆ ಅಂತ ಇನ್ಶೂರೆನ್ಸ್ ಬಿಡಬೇಡಿ, ಶೆಡ್ಡಿನ ಮೇಲೆ ಮರ ಬೀಳುವುದೂ ಈ ತಿಂಗಳುಗಳಲ್ಲೇ.

ಆಯುಧ ಪೂಜೆಗೆ ಎಬ್ಬಿಸುವುದು

ಪೂಜೆಯ ಬೆಳಿಗ್ಗೆಗೆ ಕಾಯಬೇಡಿ, ಒಂದು ವಾರ ಮುಂಚೆ ಶುರು ಮಾಡಿ. ಮೊದಲು ಬಗ್ಗಿ ಅಡಿಯಲ್ಲಿ ನೋಡಿ. ಪ್ಲಾಸ್ಟಿಕ್ ಹಾಳೆಯ ಮೇಲೆ ಎಲ್ಲಿ ಏನು ತೊಟ್ಟಿಕ್ಕಿದೆ ಅಂತ ಚೆನ್ನಾಗಿ ಕಾಣುತ್ತದೆ. ಚಕ್ರದ ಒಳಬದಿಯಲ್ಲಿ ಒದ್ದೆ ಇದ್ದರೆ ಬ್ರೇಕಿನ ವೀಲ್ ಸಿಲಿಂಡರ್ ಸೋರಿದೆ, ಅದು ರಿಪೇರಿಯಾಗದೆ ಗಾಡಿ ಕದಲಬಾರದು. ರಟ್ಟು ನೋಡಿಕೊಂಡು ನಾರು, ಜಾಲರಿ, ಕ್ಲಾಂಪು ಒಂದೊಂದೇ ತೆಗೆದು ಗೀಟು ಹಾಕಿ.

ಟ್ಯಾಂಕಿನ ತಳದ ಬೋಲ್ಟಿನಿಂದ ಅರ್ಧ ಲೀಟರ್ ಪೆಟ್ರೋಲನ್ನು ಗಾಜಿನ ಜಾಡಿಗೆ ಇಳಿಸಿ, ಒಂದು ಗಂಟೆ ಬಿಡಿ. ಒಂದೇ ಬಣ್ಣವಾಗಿ ತಿಳಿಯಾಗಿದ್ದರೆ ಸರಿ. ನಡುವೆ ಗೆರೆ ಕಂಡರೆ, ತಳದಲ್ಲಿ ಕಂದು ಪುಡಿ ಕಂಡರೆ ಟ್ಯಾಂಕು ಪೂರ್ತಿ ಇಳಿಸಿ. ಡಿಪ್ ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಚಾಲೂ ಮಾಡಬೇಡಿ.

ಬ್ಯಾಟರಿ ಕೂರಿಸಿ, ಗೇರನ್ನು ನ್ಯೂಟ್ರಲ್ಲಿಗೆ ತನ್ನಿ. ಪ್ಲಗ್ ಬಿಚ್ಚಿ, ಕಾಯಿಲ್ ವೈರು ತೆಗೆದಿಟ್ಟು, ಹತ್ತು ಸೆಕೆಂಡಿನ ಹಾಗೆ ಎರಡು ಮೂರು ಸಲ ಸ್ಟಾರ್ಟರ್ ಹೊಡೆಯಿರಿ. ಪ್ಲಗ್ಗಿನ ತೂತಿನ ಎದುರು ಮುಖ ಇಡಬೇಡಿ, ಆಯಿಲ್ ಚಿಮ್ಮುತ್ತದೆ. ಆಯಿಲ್ ಲೈಟು ಆರಿದರೆ ಬೇರಿಂಗಿಗೆ ಆಯಿಲ್ ತಲುಪಿದೆ ಅಂತ ಅರ್ಥ. ಈಗ ಪ್ಲಗ್ ಹಾಕಿ. ಪೆಟ್ರೋಲ್ ಪಂಪಿನ ಬದಿಯಲ್ಲಿರುವ ಸಣ್ಣ ಸನ್ನೆಯನ್ನು ಬೆರಳಿನಿಂದ ಒತ್ತಿ ಒತ್ತಿ ಕಾರ್ಬೊರೇಟರ್ ತುಂಬಿಸಿ. ಪೈಪಿನ ಪ್ರತಿ ಜೋಡಣೆ ಒದ್ದೆಯಾಗಿದೆಯಾ ಅಂತ ಮುಟ್ಟಿ ನೋಡಿ. ಚೋಕ್ ಎಳೆದು ಕೀ ತಿರುಗಿಸಿ.

ಚಾಲೂ ಆದ ಕೂಡಲೇ ಎಕ್ಸಿಲೇಟರ್ ಒತ್ತಬೇಡಿ. ಸಿಲಿಂಡರಿಗೆ ಹಾಕಿದ ಆಯಿಲ್ ಉರಿದು ನೀಲಿ ಹೊಗೆ ಬರುತ್ತದೆ, ಹೆದರಬೇಡಿ, ಕೆಲವು ನಿಮಿಷಕ್ಕೆ ನಿಲ್ಲುತ್ತದೆ. ಟೈರಿನ ಗಾಳಿ ಎಂದಿನ ಮಟ್ಟಕ್ಕೆ ಇಳಿಸಿ. ಅಂಗಳದಲ್ಲೇ ಹಿಂದೆ ಮುಂದೆ ಮಾಡಿ ಬ್ರೇಕ್ ಹಿಡಿದು ನೋಡಿ. ಮೊದಲ ನಾಲ್ಕೈದು ಸಲ ಡ್ರಮ್ಮು ಕರಕರ ಅನ್ನುತ್ತದೆ, ತುಕ್ಕಿನ ಪೊರೆ ಹೋಗುವವರೆಗೆ. ಪೆಡಲ್ ಮೆತ್ತಗೆ ಕೆಳಗೆ ಹೋದರೆ ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್ಕಿಗೆ ಫೋನ್ ಮಾಡಿ. ಗಟ್ಟಿ ಇದ್ದರೆ ನಿಧಾನಕ್ಕೆ ಹತ್ತು ಕಿಲೋಮೀಟರ್ ಹೋಗಿ ಬನ್ನಿ. ಬಂದ ಮೇಲೆ ಪ್ರತಿ ಚಕ್ರದ ನಡುವಿಗೂ ಕೈ ಹಿಡಿಯಿರಿ, ಮುಟ್ಟದೆ ಹತ್ತಿರ. ಒಂದೇ ಚಕ್ರ ಜಾಸ್ತಿ ಬಿಸಿ ಇದ್ದರೆ ಅದರ ಬ್ರೇಕು ಹಿಡಿದುಕೊಂಡಿದೆ. ನಾಲ್ಕೂ ಒಂದೇ ಹದದಲ್ಲಿದ್ದರೆ ತೊಳೆದು, ಕ್ರೋಮಿನ ವ್ಯಾಸಲೀನ್ ಒರೆಸಿ, ಸೇವಂತಿಗೆ ಹಾರ ಹಾಕಲು ತಯಾರಿ ಮಾಡಿಕೊಳ್ಳಿ.